ಬೌಯರ್, ಕಿಟ್ಟೆಲ್ಸೆನ್, ನೀಲ್ಸೆನ್: ಈ ಮೂವರನ್ನು ಒಂದೇ ‘ನಾರ್ಡಿಕ್ ಶೈಲಿ’ ಎನ್ನಬಹುದೇ?

ನೀಲಾಂಬರಿ:

ಇಪ್ಪತ್ತನೆಯ ಶತಮಾನದ ಮೊದಲೆರಡು ದಶಕಗಳಲ್ಲಿ ಸ್ವೀಡನ್, ನಾರ್ವೆ, ಡೆನ್ಮಾರ್ಕ್ ದೇಶಗಳ ಕಲಾವಿದರು ಕಿನ್ನರಕಥೆಗಳಿಗೆ ಬರೆದ ಚಿತ್ರಗಳು ಈಗ ಅಂತರ್ಜಾಲದ ಮೂಲಕ ಕನ್ನಡ ಓದುಗರನ್ನೂ ತಲುಪಿವೆ. ಅವನ್ನು ಹಂಚಿಕೊಳ್ಳುವವರಲ್ಲಿ ಹೆಚ್ಚಿನವರು ಸ್ವೀಡನ್ನಿನ ಜಾನ್ ಬೌಯರ್, ನಾರ್ವೆಯ ಥಿಯೊಡೋರ್ ಕಿಟ್ಟೆಲ್ಸೆನ್ ಮತ್ತು ಡೆನ್ಮಾರ್ಕಿನ ಕಾಯ್ ನೀಲ್ಸೆನ್ ಅವರನ್ನು ಒಂದೇ ಶೈಲಿಯವರೆಂದು ಪರಿಚಯಿಸುತ್ತಾರೆ. ನನಗೆ ಈ ಗುಂಪುಗೂಡಿಸುವಿಕೆ ಸರಿಯೆನಿಸುವುದಿಲ್ಲ.

ಬೌಯರ್ ಮತ್ತು ಕಿಟ್ಟೆಲ್ಸೆನ್ ನೆಲದಿಂದ ಚಿತ್ರವನ್ನು ಪಡೆದವರು. ಅವರ ಟ್ರೋಲ್‌ಗಳನ್ನು (ಉತ್ತರದ ಜನಪದ ಕಥೆಗಳ ದೈತ್ಯ ಜೀವಿಗಳನ್ನು) ಕಾಡಿನಿಂದ ಬೇರ್ಪಡಿಸಿದರೆ ಆ ಟ್ರೋಲ್‌ಗಳು ಉಳಿಯುವುದೇ ಇಲ್ಲ, ಏಕೆಂದರೆ ಅವುಗಳ ಮೈ ಬಂಡೆಯದು, ಕೂದಲು ಪಾಚಿಯದು, ಮೂಗು ಮರದ ಬೇರಿನದು. ನೀಲ್ಸೆನ್ ರಂಗಭೂಮಿಯಿಂದ ಬಂದವರು. ಅವರ ತಾಯಿ ಓಡಾ ನೀಲ್ಸೆನ್ ಹೆಸರಾಂತ ನಟಿ. ತಂದೆ ಮಾರ್ಟಿನಿಯಸ್ ನೀಲ್ಸೆನ್ ಕೋಪನ್‌ಹೇಗನ್ನಿನ ಡಾಗ್ಮಾರ್ ರಂಗಮಂದಿರದ ನಿರ್ದೇಶಕರಾಗಿದ್ದರು. ಕಾಯ್ ನೀಲ್ಸೆನ್ ಅವರ ಚಿತ್ರಗಳಲ್ಲಿ ಮರ, ಅಲೆ, ಹಿಮ ಎಲ್ಲವೂ ರಂಗಸಜ್ಜಿಕೆಯಂತೆ ಚಪ್ಪಟೆಯಾಗಿ, ನಯವಾಗಿ, ಅಳೆದಿಟ್ಟಂತೆ ನಿಲ್ಲುತ್ತವೆ. ಅವರು ಚಿತ್ರ ಬರೆದ, 1914ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ಈಸ್ಟ್ ಆಫ್ ದ ಸನ್ ಅಂಡ್ ವೆಸ್ಟ್ ಆಫ್ ದ ಮೂನ್’ ಪುಸ್ತಕದಲ್ಲಿ ಇರುವುವು ನಾರ್ವೆಯ ಕಥೆಗಳು. ಅದರ ರೇಖೆಗಳಲ್ಲಿ ಕಾಣುವುದು ಮಾತ್ರ ರೇಖಾಚಿತ್ರಕಾರ ಬಿಯರ್ಡ್‌ಸ್ಲಿಯ ಇಂಗ್ಲೆಂಡ್, ಜಪಾನಿನ ಮರದಚ್ಚಿನ ಚಿತ್ರಗಳು ಮತ್ತು ಅವರು ಕಲಿತ ಪ್ಯಾರಿಸ್. ಇದು ದೋಷವೆಂದು ನಾನು ಹೇಳುತ್ತಿಲ್ಲ. ಮೂಲ ಬೇರೆ, ಆದ್ದರಿಂದ ನೋಡುವ ಕ್ರಮವೂ ಬೇರೆಯಾಗಬೇಕು ಎಂಬುದಷ್ಟೇ ನನ್ನ ವಾದ. ಇತರರ ಅಭಿಪ್ರಾಯ ತಿಳಿಯಲು ಬಯಸುತ್ತೇನೆ.

ಮುದ್ರಣಪ್ರಿಯ:

ನಿಮ್ಮ ವಿಂಗಡಣೆಯನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಇನ್ನೊಂದು ಕಾರಣವನ್ನು ಸೇರಿಸದಿದ್ದರೆ ವಾದ ಅರ್ಧಕ್ಕೇ ನಿಲ್ಲುತ್ತದೆ. ಈ ಕಲಾವಿದರೆಲ್ಲರೂ ಬರೆದದ್ದು ಅಚ್ಚಿನ ಯಂತ್ರಕ್ಕಾಗಿ. ಹತ್ತೊಂಬತ್ತನೆಯ ಶತಮಾನದ ಬಹುಭಾಗ ಪುಸ್ತಕದ ಚಿತ್ರವನ್ನು ಮರದ ಅಚ್ಚಿನಲ್ಲಿ ಬೇರೊಬ್ಬ ಕುಶಲಕರ್ಮಿ ಕೆತ್ತುತ್ತಿದ್ದನು. ಕಲಾವಿದನ ರೇಖೆ ಓದುಗನನ್ನು ತಲುಪುವ ಹೊತ್ತಿಗೆ ಅದು ಕೆತ್ತುವವನ ರೇಖೆಯಾಗಿರುತ್ತಿತ್ತು. ಶತಮಾನದ ಕೊನೆಗೆ ಛಾಯಾಗ್ರಹಣದ ನೆರವಿನಿಂದ ಚಿತ್ರವನ್ನು ಸಣ್ಣ ಚುಕ್ಕೆಗಳಾಗಿ ಒಡೆದು ಲೋಹದ ಫಲಕಕ್ಕೆ ಇಳಿಸುವ ಹಾಫ್‌ಟೋನ್ ವಿಧಾನ ಬಂದಿತು. ಹಳದಿ, ಕೆಂಪು, ನೀಲಿ ಬಣ್ಣಗಳ ಮೂರು ಫಲಕಗಳನ್ನು ಒಂದರ ಮೇಲೊಂದರಂತೆ ಒತ್ತಿ ಜಲವರ್ಣದ ಮೂಲಕ್ಕೆ ಸಮೀಪದ ಪ್ರತಿಯನ್ನು ತೆಗೆಯುವುದು ಆಗಲೇ ಸಾಧ್ಯವಾಯಿತು. ಮಸುಕಾದ, ಒದ್ದೆಯಾದ, ಅಂಚುಗಳು ಕರಗಿಹೋಗುವ ಬೌಯರ್ ಅವರ ಕಾಡನ್ನು ಮರದ ಅಚ್ಚಿನಲ್ಲಿ ಕೆತ್ತುವುದಕ್ಕೆ ಯಾರಿಂದಲೂ ಆಗುತ್ತಿರಲಿಲ್ಲ.

ನೀಲ್ಸೆನ್ ಅವರ 1914ರ ಪುಸ್ತಕ ಇದರಲ್ಲಿಯೂ ಒಂದು ಹೆಜ್ಜೆ ಮುಂದಿತ್ತು. ಆ ಕಾಲದ ಇತರ ಉಡುಗೊರೆ ಪುಸ್ತಕಗಳಲ್ಲಿ ಹೆಚ್ಚಿನವು ಮೂರು ಬಣ್ಣಗಳಲ್ಲಿ ಮುದ್ರಣವಾಗುತ್ತಿದ್ದರೆ, ಈ ಪುಸ್ತಕದ 25 ವರ್ಣಫಲಕಗಳಿಗೆ ನಾಲ್ಕು ಬಣ್ಣಗಳ ಮುದ್ರಣವನ್ನು ಬಳಸಲಾಯಿತು. ಅವರ ಇರುಳಿನ ಆಕಾಶದ ಗಾಢ ನೀಲಿ ಮತ್ತು ಕಪ್ಪು ಇಷ್ಟು ಸ್ಪಷ್ಟವಾಗಿ ಬೇರ್ಪಟ್ಟು ಕಾಣುವುದರಲ್ಲಿ ನಾಲ್ಕನೆಯ ಫಲಕದ ಪಾಲು ದೊಡ್ಡದು. ಪ್ರಕಾಶಕರಾದ ಹಾಡರ್ ಅಂಡ್ ಸ್ಟೌಟನ್ ಅದನ್ನು ಶ್ರೀಮಂತ ಗ್ರಾಹಕರಿಗಾಗಿಯೇ ತಂದರು. ಬೌಯರ್ ಅವರ ಚಿತ್ರಗಳು ಪ್ರಕಟವಾದದ್ದು ಪ್ರತಿ ವರ್ಷ ಕ್ರಿಸ್‌ಮಸ್ ಕಾಲಕ್ಕೆ ಬರುತ್ತಿದ್ದ ‘ಬ್ಲಾಂಡ್ ತೊಮ್ತಾರ್ ಓಕ್ ತ್ರೋಲ್’ ಎಂಬ ಮಕ್ಕಳ ವಾರ್ಷಿಕ ಸಂಚಿಕೆಯಲ್ಲಿ. ಒಂದು ಶ್ರೀಮಂತರ ಮೇಜಿನ ಪುಸ್ತಕ, ಇನ್ನೊಂದು ಸಾಮಾನ್ಯ ಮನೆಯ ಹಬ್ಬದ ಪುಸ್ತಕ. ಈ ಎರಡರ ವ್ಯತ್ಯಾಸವನ್ನು ಕಲಾವಿದರ ಸ್ವಭಾವದಿಂದ ಮಾತ್ರ ವಿವರಿಸಲಾಗದು.

ಉತ್ತರವಾಸಿ:

ನಾನು ಉದ್ಯೋಗನಿಮಿತ್ತ ಸ್ವೀಡನ್ನಿನಲ್ಲಿ ನೆಲೆಸಿರುವವನು; ಮೂಲತಃ ತೀರ್ಥಹಳ್ಳಿಯ ಕಡೆಯವನು. ಬೌಯರ್ ಅವರ ಕೃತಿಗಳ ಅತಿ ದೊಡ್ಡ ಸಂಗ್ರಹ ಅವರ ಹುಟ್ಟೂರಾದ ಯೋನ್‌ಶೋಪಿಂಗ್‌ನ ಪ್ರಾಂತೀಯ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ಮೂಲಚಿತ್ರಗಳ ಮುಂದೆ ನಿಂತಾಗ ನನ್ನನ್ನು ಮೊದಲು ತಟ್ಟಿದ್ದು ಅವುಗಳ ಗಾತ್ರ. ಪರದೆಯ ಮೇಲೆ ಹಿಗ್ಗಿಸಿ ನೋಡಿ ಅಭ್ಯಾಸವಾದ ನಮಗೆ ಅವು ಗೋಡೆಯಷ್ಟು ಎತ್ತರದ ಚಿತ್ರಗಳೆಂಬ ಭಾವನೆ ಇರುತ್ತದೆ. ವಾಸ್ತವವಾಗಿ ಅವು ಪುಸ್ತಕದ ಪುಟವನ್ನು ಮನಸ್ಸಿನಲ್ಲಿಟ್ಟು ಬರೆದ ಸಣ್ಣ ಹಾಳೆಗಳು. ಬೌಯರ್ ಮೊದಲು ಅಂಚೆಚೀಟಿಯಷ್ಟು ಚಿಕ್ಕ ಕರಡಿನಲ್ಲಿ ಬೆಳಕು ಮತ್ತು ಕತ್ತಲೆಯ ರಾಶಿಗಳನ್ನಷ್ಟೇ ಗುರುತಿಸಿ, ಅನಂತರ ತುಸು ದೊಡ್ಡದು, ಮತ್ತೂ ತುಸು ದೊಡ್ಡದು ಎಂದು ಬೆಳೆಸುತ್ತ ವಿವರಗಳನ್ನು ತುಂಬುತ್ತಿದ್ದರು. ಅವರ ಚಿತ್ರ ದೂರದಿಂದಲೂ ಒಂದೇ ನೋಟಕ್ಕೆ ಗುರುತಾಗುವುದಕ್ಕೆ ಈ ಕ್ರಮವೇ ಕಾರಣವೆಂದು ನನಗೆ ತೋರುತ್ತದೆ, ಏಕೆಂದರೆ ಅಂಚೆಚೀಟಿಯ ಗಾತ್ರದಲ್ಲಿ ನಿಲ್ಲದ ಸಂಯೋಜನೆ ಅವರ ಕೈಯಲ್ಲಿ ಮುಂದುವರಿಯುತ್ತಲೇ ಇರಲಿಲ್ಲ.

ನೀಲಾಂಬರಿಯವರು ‘ನೆಲದಿಂದ ಪಡೆದವರು’ ಎಂದದ್ದಕ್ಕೆ ಇಲ್ಲಿನ ಕಾಡೇ ಸಾಕ್ಷಿ. ಸ್ಮೋಲಂಡ್ ಪ್ರಾಂತದ ಕಾಡಿನಲ್ಲಿ ಹಿಮಯುಗದ ಹಿಮನದಿಗಳು ಹೊತ್ತು ತಂದು ಬಿಟ್ಟುಹೋದ ದೈತ್ಯ ಬಂಡೆಗಳು ಅಲ್ಲಲ್ಲಿ ಬಿದ್ದಿವೆ. ಅವುಗಳ ಮೇಲೆ ಪಾಚಿ ದಟ್ಟವಾಗಿ ಬೆಳೆದಿದೆ; ನಡುವೆ ಸ್ಪ್ರೂಸ್ ಮರಗಳು ಕೊಂಬೆಯಿಲ್ಲದ ನೇರ ಕಾಂಡಗಳಾಗಿ ಮೇಲೆದ್ದಿವೆ. ಚಳಿಗಾಲದ ಮಧ್ಯಾಹ್ನ ಮೂರರ ಹೊತ್ತಿಗೆ ಬಣ್ಣಗಳೆಲ್ಲ ಇಂಗಿ ಕಂದು, ಬೂದು, ಕಪ್ಪು ಮಾತ್ರ ಉಳಿಯುತ್ತವೆ. ಆ ಬಂಡೆಗಳಲ್ಲೊಂದಕ್ಕೆ ಬೆನ್ನು ಮತ್ತು ಭುಜ ಇರುವಂತೆ ಕಂಡರೆ ಅದಕ್ಕೆ ವಿಶೇಷ ಕಲ್ಪನಾಶಕ್ತಿ ಬೇಕಾಗಿಲ್ಲ.

1913ರ ಸಂಚಿಕೆಗಾಗಿ ಅವರು ಬರೆದ ರಾಜಕುಮಾರಿ ತೂವ್‌ಸ್ತಾರ್‌ಳ ಚಿತ್ರವನ್ನು ಎಲ್ಲರೂ ನೋಡಿರುತ್ತೀರಿ. ಹೆಲ್ಗೆ ಷೆಲ್ಲಿನ್ ಬರೆದ ಆ ಕಥೆಯಲ್ಲಿ ಪುಟ್ಟ ರಾಜಕುಮಾರಿ ಸ್ಕುಟ್ ಎಂಬ ಮೂಸ್ ಜಿಂಕೆಯ ಬೆನ್ನೇರಿ ಕಾಡಿಗೆ ಹೋಗುತ್ತಾಳೆ. ದಾರಿಯಲ್ಲಿ ಕಿರೀಟವನ್ನು ಕಳೆದುಕೊಳ್ಳುತ್ತಾಳೆ, ಉಡುಪನ್ನು ಕಳೆದುಕೊಳ್ಳುತ್ತಾಳೆ, ಕೊನೆಗೆ ಕೊರಳಿನ ಚಿನ್ನದ ಹೃದಯ ಕಾಡಿನ ಮಡುವಿಗೆ ಬೀಳುತ್ತದೆ, ಅವಳು ಅದನ್ನು ಹುಡುಕುತ್ತ ನೀರನ್ನೇ ನೋಡುತ್ತ ಕೂತುಬಿಡುತ್ತಾಳೆ. ಚಿತ್ರದಲ್ಲಿ ಅವಳು ಹಾಳೆಯ ಅತಿ ಸಣ್ಣ ಭಾಗ. ಉಳಿದದ್ದೆಲ್ಲ ಕಾಂಡಗಳು ಮತ್ತು ನೀರು. ಇಡೀ ಹಾಳೆಯಲ್ಲಿ ಬೆಳಕಿರುವುದು ಅವಳ ಮೈಯಲ್ಲಿ ಮಾತ್ರ. ಆ ಬೆಳಕಿಗೆ ಆಕಾಶದಲ್ಲಿ ಮೂಲವೇ ಇಲ್ಲ ಎಂಬುದನ್ನು ಗಮನಿಸಿ.

ಕಾಡುಹಾದಿ:

ಬೌಯರ್ ಅವರ ಬಗ್ಗೆ ಇಷ್ಟು ಹೇಳಿದ ಮೇಲೆ ಕಿಟ್ಟೆಲ್ಸೆನ್ ಅವರಿಗೆ ಸಲ್ಲಬೇಕಾದದ್ದು ಸಲ್ಲಲೇಬೇಕು. 1857ರಲ್ಲಿ ಕ್ರಾಗೆರೊ ಎಂಬ ಕರಾವಳಿ ಪಟ್ಟಣದಲ್ಲಿ ಹುಟ್ಟಿದ ಅವರು ಬೌಯರ್‌ಗಿಂತ 25 ವರ್ಷ ಹಿರಿಯರು. ಹನ್ನೊಂದನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡು, ಗಡಿಯಾರ ರಿಪೇರಿಯ ಕೆಲಸ ಕಲಿಯಲು ಹೋಗಿ, ಅಲ್ಲಿಂದ ಚಿತ್ರಕಲೆಗೆ ಬಂದವರು. 1880ರ ದಶಕದಲ್ಲಿ ಚಿತ್ರಕಾರ ಎರಿಕ್ ವೆರೆನ್‌ಸ್ಕಿಯೋಲ್ಡ್ ಅವರೊಡನೆ ಅಸ್ಬ್ಯೋರ್ನ್‌ಸೆನ್ ಮತ್ತು ಮೋ ಸಂಗ್ರಹಿಸಿದ ನಾರ್ವೆಯ ಜನಪದ ಕಥೆಗಳಿಗೆ ಚಿತ್ರ ಬರೆಯಲಾರಂಭಿಸಿದರು. ಟ್ರೋಲ್ ಹೇಗಿರುತ್ತದೆ ಎಂಬ ಇಂದಿನ ನಮ್ಮ ಕಲ್ಪನೆಯ ಬಹುಪಾಲು ಆ ಪುಸ್ತಕಗಳಿಂದ ಬಂದದ್ದು. ಕಥೆಗಳಲ್ಲಿ ಟ್ರೋಲ್‌ನ ವರ್ಣನೆ ಬಹಳ ಕಡಿಮೆ ಇರುತ್ತದೆ: ದೊಡ್ಡದು, ಕೆಲವೊಮ್ಮೆ ಹಲವು ತಲೆಗಳದು, ಸೂರ್ಯನ ಬೆಳಕು ಬಿದ್ದರೆ ಒಡೆದುಹೋಗುವುದು ಅಥವಾ ಕಲ್ಲಾಗುವುದು, ಅಷ್ಟೆ. ಮುಖವನ್ನು ಕೊಟ್ಟವರು ಚಿತ್ರಕಾರರು.

1887ರಿಂದ ಎರಡು ವರ್ಷ ಅವರು ಲೊಫೋಟೆನ್ ದ್ವೀಪಗಳ ದಕ್ಷಿಣ ತುದಿಯಲ್ಲಿರುವ ಸ್ಕೋಮ್‌ವಾರ್ ದೀಪಸ್ತಂಭದಲ್ಲಿ ತಂಗಿದ್ದರು. ಅವರ ಭಾವ ಅಲ್ಲಿ ಕಾವಲುಗಾರರಾಗಿದ್ದರು. ಸಮುದ್ರದ ಟ್ರೋಲ್ ಅವರ ಚಿತ್ರಗಳಿಗೆ ಬಂದದ್ದು ಅಲ್ಲಿಯೇ. 1899ರಲ್ಲಿ ಸಿಗ್ದಾಲ್ ಕಣಿವೆಯ ಲೌವ್‌ಲಿಯಾ ಎಂಬ ಮನೆಗೆ ಬಂದ ಮೇಲೆ ಬರೆದವು ಅವರ ಪರಿಪಕ್ವ ಕೃತಿಗಳೆಂದು ನಾನು ಭಾವಿಸುತ್ತೇನೆ. 1904ರ ‘ನೊಕ್ಕೆನ್’ (ನೀರಿನ ಭೂತ) ಚಿತ್ರದಲ್ಲಿ ನೈದಿಲೆಲೆಗಳು ತೇಲುವ ಮಡು ಇದೆ, ಅದರ ನಡುವೆ ನೀರಿನಿಂದ ಮೇಲೆದ್ದ ತಲೆಯ ಮೇಲ್ಭಾಗ ಮತ್ತು ಎರಡು ಕಣ್ಣುಗಳು. ಬೇರೇನೂ ನಡೆಯುತ್ತಿಲ್ಲ. 1906ರ ‘ಕಾಡಿನ ಟ್ರೋಲ್’ ಚಿತ್ರದಲ್ಲಿ ಮರಗಳೇ ತಲೆಗೂದಲಾಗಿ ಬೆಳೆದ ಗುಡ್ಡವೊಂದು ನಮ್ಮತ್ತ ಬರುತ್ತಿದೆ.

ನನಗೆ ಇವೆಲ್ಲಕ್ಕಿಂತ ದೊಡ್ಡದೆನಿಸುವುದು 1900ರಲ್ಲಿ ಪ್ರಕಟವಾದ ‘ಸ್ವಾರ್ತೆದೌವೆನ್’ ಎಂಬ ಪುಸ್ತಕ. 1349ರಲ್ಲಿ ನಾರ್ವೆಗೆ ಬಂದ ಮಹಾಪ್ಲೇಗನ್ನು ಜನಪದರು ಪೆಸ್ತಾ ಎಂಬ ಮುದುಕಿಯ ರೂಪದಲ್ಲಿ ನೆನಪಿಟ್ಟುಕೊಂಡರು. ಅವಳು ಕುಂಟೆ ಹಿಡಿದು ಬಂದ ಊರಿನಲ್ಲಿ ಹಲ್ಲುಗಳ ನಡುವೆ ಸಿಕ್ಕದೆ ಕೆಲವರು ಉಳಿಯುತ್ತಾರೆ; ಪೊರಕೆ ಹಿಡಿದು ಬಂದ ಊರಿನಲ್ಲಿ ಯಾರೂ ಉಳಿಯುವುದಿಲ್ಲ. ಮಾರಿಯನ್ನು ಊರ ಗಡಿಯಾಚೆಗೆ ಕಳಿಸಿಕೊಡುವ ಆಚರಣೆಯನ್ನು ಕಂಡ ನಮ್ಮ ಹಳ್ಳಿಗಳ ಓದುಗರಿಗೆ ರೋಗಕ್ಕೆ ಹೆಣ್ಣಿನ ರೂಪ ಕೊಡುವ ಈ ಬಗೆಯನ್ನು ವಿವರಿಸಬೇಕಾಗಿಲ್ಲ. ಆದರೆ ಪೆಸ್ತಾ ಪೂಜೆ ಪಡೆಯುವವಳಲ್ಲ, ಒಲಿಯುವವಳೂ ಅಲ್ಲ. ‘ಮೆಟ್ಟಿಲ ಮೇಲೆ ಪೆಸ್ತಾ’ ಎಂಬ ಚಿತ್ರದಲ್ಲಿ ಅವಳು ಮನೆಯೊಳಗಿನ ಕಡಿದಾದ ಮೆಟ್ಟಿಲನ್ನು ಹತ್ತುತ್ತಿದ್ದಾಳೆ, ನಾವು ಮೇಲಿದ್ದೇವೆ, ಅವಳ ಕಣ್ಣು ನೇರವಾಗಿ ನಮ್ಮ ಮೇಲಿದೆ. ಈ ಒಂದು ಕೋನದ ಆಯ್ಕೆಯಿಂದ ನೋಡುಗನೇ ಮುಂದಿನ ರೋಗಿಯಾಗುತ್ತಾನೆ. ಬೌಯರ್ ಅವರಲ್ಲಿ ಇಂತಹ ಭಯವನ್ನು ನಾನು ಕಂಡಿಲ್ಲ. ಅವರ ಟ್ರೋಲ್‌ಗಳು ದಡ್ಡ, ದುರಾಸೆಯ, ಒಂದು ರೀತಿಯಲ್ಲಿ ಕರುಣೆ ಹುಟ್ಟಿಸುವ ಜೀವಿಗಳು.

ಶಾಲ್ಮಲಾ:

ಇಷ್ಟು ಹೊತ್ತಿನ ಚರ್ಚೆಯಲ್ಲಿ ಕತ್ತಲೆಯೇ ಉತ್ತರದ ಕಾಡಿನ ಏಕೈಕ ಸತ್ಯವೆಂಬಂತೆ ಮಾತು ಸಾಗಿದೆ. ಎಲ್ಸಾ ಬೆಸ್ಕೊವ್ ಅವರನ್ನು ಬಿಟ್ಟು ಈ ಕಾಲದ ಚಿತ್ರಗಳ ಬಗ್ಗೆ ಮಾತನಾಡುವುದು ಹೇಗೆ ಸಾಧ್ಯ? 1874ರಲ್ಲಿ ಸ್ಟಾಕ್‌ಹೋಮಿನಲ್ಲಿ ಹುಟ್ಟಿದ ಅವರು ಬರಹವನ್ನೂ ಚಿತ್ರವನ್ನೂ ತಾವೇ ಮಾಡಿದವರು, ಆರು ಗಂಡುಮಕ್ಕಳ ತಾಯಿ. ಬೌಯರ್ ಅವರ ಮೊದಲ ಟ್ರೋಲ್ ಸಂಚಿಕೆಗಿಂತ ಆರು ವರ್ಷ ಮೊದಲೇ, 1901ರಲ್ಲಿ, ಅವರು ಬೆರಿ ಹಣ್ಣಿನ ಕಾಡಿಗೆ ಹೋದ ಪುಟ್ಟೆ ಎಂಬ ಹುಡುಗನ ಕಥೆಯನ್ನು ಪ್ರಕಟಿಸಿದ್ದರು. 1910ರ ‘ತೊಮ್ತೆಬೂಬಾರ್ನೆನ್’ ಪುಸ್ತಕದಲ್ಲಿ ಪೈನ್ ಮರದ ಬೇರಿನ ಕೆಳಗೆ ವಾಸಿಸುವ ಪುಟ್ಟ ಮಕ್ಕಳ ಕುಟುಂಬವಿದೆ. ಅವರ ಟೋಪಿಗಳು ಬಿಳಿ ಚುಕ್ಕೆಯ ಕೆಂಪು ಅಣಬೆಗಳಂತಿವೆ. ಕುಳಿತುಬಿಟ್ಟರೆ ಅಣಬೆಗಳ ನಡುವೆ ಅವರನ್ನು ಗುರುತಿಸಲಾಗದು. ಅವರಿಗೆ ಪಾಠ ಹೇಳುವುದು ಗೂಬೆ.

ಇಲ್ಲಿಯೂ ನೀಲಾಂಬರಿಯವರ ಮಾತೇ ನಿಜವಾಗುತ್ತದೆ, ಕಾಡಿನವರ ಮೈ ಕಾಡಿನಿಂದಲೇ ಆಗಿದೆ. ಆದರೆ ಬೆಸ್ಕೊವ್ ಗಿಡವನ್ನು ಗಿಡವಾಗಿ ನೋಡಿ ಬರೆದರು. ಅವರ ಬೆರಿ ಗಿಡದ ಎಲೆ, ಅಣಬೆಯ ಕಾಂಡ, ಪಾಚಿಯ ಜಾತಿ ಎಲ್ಲವೂ ಎಷ್ಟು ನಿಖರವೆಂದರೆ, ಮಗುವೊಂದು ಪುಸ್ತಕವನ್ನು ಕಾಡಿಗೆ ಒಯ್ದು ಹೋಲಿಸಿ ನೋಡಬಹುದು. ಬೌಯರ್ ಅವರ ಮರ ಯಾವ ಜಾತಿಯದೆಂದು ಹೇಳುವುದು ಹಲವು ಬಾರಿ ಕಷ್ಟ. ಹೆಣ್ಣುಮಗಳೊಬ್ಬಳು ಪುಟ್ಟ ಮಕ್ಕಳಿಗಾಗಿ ಬರೆದದ್ದು ಎಂಬ ಕಾರಣಕ್ಕೆ ಈ ನಿಖರತೆಯನ್ನು ಕೇವಲ ಮುದ್ದುತನವೆಂದು ಬದಿಗಿಡುವ ಅಭ್ಯಾಸ ಕಲಾವಿಮರ್ಶೆಯಲ್ಲಿದೆ; ಅದು ನನಗೆ ನೋವುಂಟುಮಾಡುತ್ತದೆ.

ಇದೇ ಮಾತಿನ ನಡುವೆ ಸ್ವೀಡನ್ನಿನ ಚಿತ್ರಕಾರ ಇವಾರ್ ಅರೋಸೆನಿಯಸ್ ಅವರನ್ನೂ ನೆನೆಯಬೇಕು. ರಕ್ತ ಹೆಪ್ಪುಗಟ್ಟದ ಹಿಮೊಫಿಲಿಯಾ ರೋಗದಿಂದ ಬಳಲುತ್ತಿದ್ದ ಅವರು 1909ರ ಜನವರಿಯಲ್ಲಿ, ಮೂವತ್ತರ ಹರೆಯದಲ್ಲಿ ತೀರಿಕೊಂಡರು. ತಮ್ಮ ಪುಟ್ಟ ಮಗಳಿಗಾಗಿ ಬರೆದ, ಹುಡುಗಿಯೊಬ್ಬಳು ಬೆಕ್ಕಿನ ಬೆನ್ನೇರಿ ಲೋಕ ಸುತ್ತುವ ‘ಕಾಟ್ರೇಸನ್’ ಅದೇ ವರ್ಷ, ಅವರ ಮರಣಾನಂತರ ಪ್ರಕಟವಾಯಿತು.

ವೈಶಾಖ:

ಸೂಕ್ಷ್ಮವಾದ ಒಂದು ಸಂಗತಿಯನ್ನು ಎತ್ತಲು ಬಯಸುತ್ತೇನೆ. ಬೌಯರ್ 1904ರಲ್ಲಿ ಸ್ವೀಡನ್ನಿನ ಉತ್ತರದ ಲ್ಯಾಪ್‌ಲ್ಯಾಂಡ್‌ಗೆ ಹೋದದ್ದು ಆ ಪ್ರದೇಶವನ್ನು ದೇಶದ ಭವಿಷ್ಯದ ನಾಡೆಂದು ಬಣ್ಣಿಸುವ ಪುಸ್ತಕವೊಂದಕ್ಕೆ ಚಿತ್ರ ಬರೆಯಲು. ಆ ಪುಸ್ತಕ 1908ರಲ್ಲಿ ಹೊರಬಂದಿತು. ಅಲ್ಲಿನ ಕಬ್ಬಿಣದ ಅದಿರು, ಕಾಡು, ನದಿಗಳ ಮೇಲೆ ಆಗ ದಕ್ಷಿಣದ ಉದ್ಯಮದ ಕಣ್ಣು ಬಿದ್ದಿತ್ತು. ಬೌಯರ್ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಉಡುಪು, ಉಪಕರಣ, ವಾಸದ ನೆಲೆಗಳನ್ನು ಶ್ರದ್ಧೆಯಿಂದ ರೇಖಿಸಿಕೊಂಡರು, ಛಾಯಾಚಿತ್ರಗಳನ್ನೂ ತೆಗೆದರು. ಮೂರು ವರ್ಷಗಳ ನಂತರ ಟ್ರೋಲ್‌ಗಳನ್ನು ಬರೆಯುವಾಗ ಅವುಗಳ ಸೊಂಟಪಟ್ಟಿ, ಚಾಕು, ಚರ್ಮದ ಚೀಲ, ಆಭರಣಗಳಿಗೆ ಬೇಕಾದ ವಿವರಗಳು ಆ ರೇಖಾಚಿತ್ರಗಳಿಂದಲೇ ಬಂದವು.

ಕಲೆಯ ದೃಷ್ಟಿಯಿಂದ ಇದು ಸಫಲವಾಯಿತು: ಟ್ರೋಲ್‌ಗಳಿಗೆ ಒಂದು ನಾಗರಿಕತೆ, ಒಂದು ಮನೆತನ ಇದೆ ಎಂಬ ನಂಬಿಕೆ ಹುಟ್ಟಲು ಆ ವಸ್ತುಗಳೇ ಕಾರಣ. ಆದರೆ ಜೀವಂತ ಸಮುದಾಯವೊಂದರ ನಿತ್ಯದ ವಸ್ತುಗಳು, ಕಥೆಯಲ್ಲಿ ದಡ್ಡ ಹಾಗೂ ಅಪಾಯಕಾರಿ ಎನಿಸಿಕೊಂಡ ಜೀವಿಗಳ ಮೈಮೇಲೆ ಬಂದಾಗ, ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಏನು? ರಾಜಕುಮಾರಿಯರು ಮಾತ್ರ ಬಿಳುಪಾಗಿ, ಹೊಂಬಣ್ಣದ ಕೂದಲಿನವರಾಗಿ ಇರುತ್ತಾರೆ. ಬೌಯರ್ ಅವರಿಗೆ ಕೆಟ್ಟ ಉದ್ದೇಶವಿತ್ತೆಂದು ನಾನು ಹೇಳುವುದಿಲ್ಲ. ಅವರ ಲ್ಯಾಪ್‌ಲ್ಯಾಂಡ್ ಚಿತ್ರಗಳಲ್ಲಿ ಗೌರವವಿದೆ. ಆದರೂ ಈ ಚಿತ್ರಗಳನ್ನು ಮೆಚ್ಚುವಾಗ ಈ ಎಳೆಯನ್ನೂ ಜೊತೆಯಲ್ಲಿಟ್ಟುಕೊಳ್ಳಬೇಕು. ‘ನೆಲದಿಂದ ಪಡೆದ’ ಎನ್ನುವಾಗ ಆ ನೆಲ ಯಾರದೆಂಬ ಪ್ರಶ್ನೆಯೂ ಬರುತ್ತದೆ.

ನೀಲಾಂಬರಿ:

ವೈಶಾಖ ಅವರ ಪ್ರಶ್ನೆ ನನ್ನ ವಾದವನ್ನು ಆಳಗೊಳಿಸಿದೆ. ಬೌಯರ್ ಅವರಲ್ಲಿ ಎರಡು ನೆಲಗಳಿವೆ: ಹುಟ್ಟಿ ಬೆಳೆದ ಸ್ಮೋಲಂಡ್‌ನ ಕಾಡು, ಮತ್ತು ಪ್ರವಾಸಿಯಾಗಿ ಕಂಡ ಉತ್ತರ. ಮೊದಲನೆಯದು ಬಂಡೆಯಾಗಿ, ಮರವಾಗಿ ಬಂದಿತು. ಎರಡನೆಯದು ವೇಷಭೂಷಣವಾಗಿ ಬಂದಿತು. ಮೂರನೆಯದೂ ಒಂದಿದೆ. 1908ರಿಂದ 1910ರವರೆಗೆ ಅವರು ಪತ್ನಿ ಎಸ್ತೆರ್ ಅವರೊಡನೆ ಜರ್ಮನಿ ಮತ್ತು ಇಟಲಿಯಲ್ಲಿದ್ದರು. ಅಲ್ಲಿಂದ ಬಂದ ಮೇಲಿನ ಚಿತ್ರಗಳಲ್ಲಿ ಕುದುರೆ ಸವಾರರು, ರಾಜಕುಮಾರಿಯರು ಇಟಲಿಯ ಭಿತ್ತಿಚಿತ್ರಗಳ ಗಾಂಭೀರ್ಯದಿಂದ ಪಕ್ಕಕ್ಕೆ ಮುಖಮಾಡಿ ನಿಲ್ಲಲಾರಂಭಿಸುತ್ತಾರೆ. ಆ ರಾಜಕುಮಾರಿಯರಿಗೆ ಮಾದರಿಯಾಗಿದ್ದವರು ಎಸ್ತೆರ್. ಅವರೂ ಸ್ಟಾಕ್‌ಹೋಮಿನ ಕಲಾ ಅಕಾಡೆಮಿಯಲ್ಲಿ ಕಲಿತ ಚಿತ್ರಕಾರ್ತಿ. ಚಿತ್ರಗಳಲ್ಲಿ ಅವರ ಮುಖ ಸಾವಿರಾರು ಮನೆಗಳನ್ನು ಸೇರಿತು, ಅವರ ಕುಂಚ ಸೇರಲಿಲ್ಲ.

ಬೆಸ್ಕೊವ್ ಅವರ ವಿಷಯದಲ್ಲಿ ಶಾಲ್ಮಲಾ ಅವರ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ.

ತುಂಗಾತೀರ:

1911ರ ಸಂಚಿಕೆಯಲ್ಲಿ ಬೌಯರ್ ಅವರ ಚಿತ್ರಗಳಿಲ್ಲವೆಂದು ಎಲ್ಲಿಯೋ ಓದಿದ ನೆನಪು. ಅದಕ್ಕೂ ಈ ಪ್ರವಾಸಕ್ಕೂ ಸಂಬಂಧವಿದೆಯೇ? ಅವರ ಅಂತ್ಯದ ಬಗ್ಗೆಯೂ ತಿಳಿದವರು ಹೇಳಬೇಕು.

ಮುದ್ರಣಪ್ರಿಯ:

ಪ್ರವಾಸಕ್ಕೂ ಅದಕ್ಕೂ ಸಂಬಂಧವಿಲ್ಲ. ತಮ್ಮ ಚಿತ್ರಗಳ ಹಕ್ಕು ತಮಗೇ ಉಳಿಯಬೇಕೆಂದು ಬೌಯರ್ ಕೇಳಿದರು, ಪ್ರಕಾಶಕರು ಒಪ್ಪಲಿಲ್ಲ, ಆ ವರ್ಷದ ಸಂಚಿಕೆ ಅವರಿಲ್ಲದೆ ಹೊರಬಂದಿತು. ಮರುವರ್ಷ ಪ್ರಕಾಶಕರು ಮಣಿದರು. 1912ರಿಂದ 1915ರವರೆಗಿನ ನಾಲ್ಕು ಸಂಚಿಕೆಗಳು ಹಾಗೆ ಬಂದವು. ತೂವ್‌ಸ್ತಾರ್ ಇರುವುದು ಅವುಗಳಲ್ಲಿಯೇ. ಪುಸ್ತಕದ ಚಿತ್ರಕಾರನನ್ನು ಕೂಲಿಯವನಂತೆ ಕಾಣುತ್ತಿದ್ದ ಕಾಲದಲ್ಲಿ ಆತ ತನ್ನ ಹಕ್ಕಿನ ಸಲುವಾಗಿ ಒಂದು ವರ್ಷದ ಸಂಪಾದನೆಯನ್ನು ಬಿಟ್ಟುಕೊಟ್ಟದ್ದು ಸಣ್ಣ ಸಂಗತಿಯಲ್ಲ. 1915ರ ನಂತರ ಟ್ರೋಲ್‌ಗಳಿಂದ ಅವರೇ ದೂರ ಸರಿದರು. ಭಿತ್ತಿಚಿತ್ರ, ರಂಗಸಜ್ಜಿಕೆಗಳತ್ತ ಮನಸ್ಸು ಹರಿದಿತ್ತು.

ಉತ್ತರವಾಸಿ:

ಅಂತ್ಯದ ಬಗ್ಗೆ ನಾನು ಹೇಳುತ್ತೇನೆ. 1918ರ ನವೆಂಬರಿನಲ್ಲಿ ಬೌಯರ್, ಎಸ್ತೆರ್ ಮತ್ತು ಮೂರು ವರ್ಷದ ಮಗ ಬೆಂಗ್ಟ್ ಸ್ಟಾಕ್‌ಹೋಮಿನ ಬಳಿಯ ಹೊಸ ಮನೆಗೆ ಹೊರಟಿದ್ದರು. ಅಕ್ಟೋಬರ್ 1ರಂದು ಯೆತೊ ಎಂಬಲ್ಲಿ ಭೂಕುಸಿತದಿಂದ ರೈಲು ಹಳಿತಪ್ಪಿ ಹಲವರು ಸತ್ತಿದ್ದರಿಂದ, ಅವರು ರೈಲನ್ನು ಬಿಟ್ಟು ಗ್ರೆನ್ನಾದಿಂದ ‘ಪೇರ್ ಬ್ರಾಹೆ’ ಎಂಬ ಹಬೆಹಡಗನ್ನು ಹತ್ತಿದರು. ಹಡಗಿನ ಮೇಲಟ್ಟದಲ್ಲಿ ಒಲೆಗಳು, ಹೊಲಿಗೆ ಯಂತ್ರಗಳು ಮುಂತಾದ ಭಾರದ ಸರಕನ್ನು ಹೇರಿದ್ದರು. ನವೆಂಬರ್ 20ರ ಬೆಳಗಿನ ಜಾವದ ಬಿರುಗಾಳಿಯಲ್ಲಿ ವೆಟ್ಟರ್ನ್ ಸರೋವರದ ಹೆಸ್ಟ್‌ಹೋಲ್ಮೆನ್ ಬಂದರಿನ ಸಮೀಪ ಸರಕು ಸರಿದು ಹಡಗು ಮಗುಚಿತು. ಅದರಲ್ಲಿದ್ದ 24 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. 1922ರಲ್ಲಿ ಹಡಗನ್ನು ಮೇಲೆತ್ತಲಾಯಿತು. ಮೂವರ ಸಮಾಧಿ ಯೋನ್‌ಶೋಪಿಂಗ್‌ನಲ್ಲಿದೆ. ಬೌಯರ್‌ಗೆ ಆಗ 36 ವರ್ಷ.

ಕಾಡುಹಾದಿ:

ಇಲ್ಲಿಂದ ಮುಂದಿನ ಕೊಂಡಿ ನೀಲಾಂಬರಿಯವರ ಮೂಲ ಪ್ರಶ್ನೆಗೆ ಬೇಕಾದದ್ದು. ಬೌಯರ್ ಬಿಟ್ಟ ವಾರ್ಷಿಕ ಸಂಚಿಕೆಯನ್ನು 1917ರಿಂದ ಮುಂದುವರಿಸಿದವರು ಗುಸ್ತಾಫ್ ಟೆಂಗ್ರೆನ್. ಅವರು 1920ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ, 1936ರಲ್ಲಿ ಡಿಸ್ನಿ ಸ್ಟುಡಿಯೋ ಸೇರಿ, ‘ಸ್ನೋ ವೈಟ್’ ಮತ್ತು ‘ಪಿನೋಕಿಯೊ’ ಚಿತ್ರಗಳ ದೃಶ್ಯಲೋಕವನ್ನು ಕಲ್ಪಿಸುವಲ್ಲಿ ದುಡಿದರು. ಸ್ನೋ ವೈಟ್ ಓಡುವ ಕಾಡಿನಲ್ಲಿ ಮರದ ಬೇರುಗಳು ಕೈಗಳಾಗುವುದನ್ನು ನೋಡಿದಾಗ ನನಗೆ ಸ್ಮೋಲಂಡ್ ನೆನಪಾಗುತ್ತದೆ. ಸ್ವಾರಸ್ಯವೆಂದರೆ, ಕಾಯ್ ನೀಲ್ಸೆನ್ ಕೂಡ 1936ರಲ್ಲಿಯೇ ಕ್ಯಾಲಿಫೋರ್ನಿಯಾಕ್ಕೆ ಬಂದು, ಮುಂದೆ ಅದೇ ಸ್ಟುಡಿಯೋದಲ್ಲಿ ‘ಫ್ಯಾಂಟೇಸಿಯಾ’ ಚಿತ್ರದ ಕೊನೆಯ ಭಾಗಕ್ಕೆ ಕೆಲಸ ಮಾಡಿದರು. ಬೋಳುಬೆಟ್ಟದ ಮೇಲೆ ರೆಕ್ಕೆ ಬಿಚ್ಚುವ ಆ ದೈತ್ಯನ ದೃಶ್ಯದ ಹಿಂದೆ ಅವರ ವಿನ್ಯಾಸಗಳಿವೆ. ಹೀಗೆ ಕಾಡಿನ ಚಿತ್ರಕಾರನ ಶಿಷ್ಯಪರಂಪರೆ ಮತ್ತು ರಂಗಸಜ್ಜಿಕೆಯ ಚಿತ್ರಕಾರ ಒಂದೇ ಸೂರಿನಡಿ ಸೇರಿದ್ದರಿಂದ, ಅನಂತರದ ನೋಡುಗರಿಗೆ ಇವೆರಡೂ ಒಂದೇ ಎನಿಸಿರಬಹುದು. ‘ನಾರ್ಡಿಕ್ ಶೈಲಿ’ ಎಂಬ ಗುಂಪಿನ ಹೆಸರು ಹುಟ್ಟಿದ್ದು ಸ್ಕ್ಯಾಂಡಿನೇವಿಯಾದಲ್ಲಿ ಅಲ್ಲ, ಹೊರಗಿನ ನೋಟದಲ್ಲಿ ಎಂಬುದು ನನ್ನ ಊಹೆ.

ಮೊದಲ ಮಹಾಯುದ್ಧವು ಉಡುಗೊರೆ ಪುಸ್ತಕಗಳ ಮಾರುಕಟ್ಟೆಯನ್ನು ಮುರಿಯದಿದ್ದರೆ ನೀಲ್ಸೆನ್ ಅವರ ಹಾದಿ ಬೇರೆಯಾಗುತ್ತಿತ್ತು. ‘ಸಾವಿರದೊಂದು ರಾತ್ರಿಗಳು’ ಕಥೆಗಳಿಗಾಗಿ ಅವರು ಬರೆದ ಅದ್ಭುತ ಸರಣಿ ಅವರ ಜೀವಿತಕಾಲದಲ್ಲಿ ಪ್ರಕಟವಾಗಲೇ ಇಲ್ಲ, 1977ರವರೆಗೆ ಕಾಯಬೇಕಾಯಿತು. ಅವರು 1957ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಬಡತನದಲ್ಲಿಯೇ ತೀರಿಕೊಂಡರು.

ಶಾಲ್ಮಲಾ:

ಕನ್ನಡದಲ್ಲಿ ಉತ್ತರದ ಜನಪದ ಕಥೆಗಳ ಅನುವಾದ ಸಂಕಲನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಈ ಚಿತ್ರಗಳನ್ನು ಬಳಸಲು ಅಡ್ಡಿಯಿದೆಯೇ?

ಮುದ್ರಣಪ್ರಿಯ:

ನಮ್ಮ ಕಾನೂನಿನಲ್ಲಿ ಹಕ್ಕುಸ್ವಾಮ್ಯ ಕರ್ತೃವಿನ ಮರಣದ ನಂತರ 60 ವರ್ಷ ಇರುತ್ತದೆ. ಕಿಟ್ಟೆಲ್ಸೆನ್ 1914ರಲ್ಲಿ, ಬೌಯರ್ 1918ರಲ್ಲಿ, ಬೆಸ್ಕೊವ್ 1953ರಲ್ಲಿ, ನೀಲ್ಸೆನ್ 1957ರಲ್ಲಿ ತೀರಿಕೊಂಡವರು. ಆದ್ದರಿಂದ ಅವರ ಜೀವಿತಕಾಲದಲ್ಲಿ ಪ್ರಕಟವಾದ ಚಿತ್ರಗಳಿಗೆ ಭಾರತದಲ್ಲಿ ಅಡ್ಡಿಯಿಲ್ಲ. ಐರೋಪ್ಯ ಒಕ್ಕೂಟದಲ್ಲಿ ಅವಧಿ 70 ವರ್ಷವಾದ್ದರಿಂದ, ಅಲ್ಲಿ ಮಾರುವುದಾದರೆ ನೀಲ್ಸೆನ್ ಅವರ ಚಿತ್ರಗಳಿಗೆ 2027ರ ಕೊನೆಯವರೆಗೆ ಕಾಯಬೇಕು. ಕಥೆಗಳು ನಾರ್ವೆಯವಾದರೆ ಕಿಟ್ಟೆಲ್ಸೆನ್ ಅವರನ್ನೇ ಆಯ್ದುಕೊಳ್ಳಿ. ಬೌಯರ್ ಅವರ ಚಿತ್ರಗಳು ಅವುಗಳದೇ ಸ್ವೀಡಿಷ್ ಕಥೆಗಳಿಗೆ ಬಿಗಿಯಾಗಿ ಹೊಂದಿಕೊಂಡಿವೆ, ಬೇರೆ ಕಥೆಯ ಪಕ್ಕದಲ್ಲಿಟ್ಟರೆ ಕೇವಲ ಅಲಂಕಾರವಾಗುತ್ತವೆ. ಮುದ್ರಣಕ್ಕೆ ಹೊಳಪಿನ ಕಾಗದ ಬೇಡ. ಹೊಳಪಿಲ್ಲದ ದಪ್ಪ ಕಾಗದ ಆರಿಸಿ, ಅಚ್ಚಿಗೆ ಮುನ್ನ ಗಾಢ ಭಾಗಗಳ ಪರೀಕ್ಷಾ ಪ್ರತಿಯನ್ನು ತೆಗೆಸಿ ನೋಡಿ. ಈ ಚಿತ್ರಗಳಲ್ಲಿ ಹೆಚ್ಚಿನ ಕೆಲಸ ನಡೆದಿರುವುದು ಕಪ್ಪು ಮತ್ತು ಕಂದಿನ ನಡುವಿನ ಛಾಯೆಗಳಲ್ಲಿ, ನಮ್ಮ ಮುದ್ರಣಾಲಯಗಳಲ್ಲಿ ಮೊದಲು ಮುಚ್ಚಿಹೋಗುವುದೂ ಅವೇ.